ಚೀಟಿ ಬರೆಯದವರ ನಿರ್ಧಾರ: ದಾದಿಯರ ತರಬೇತಿಯೊಂದರ ವಿಮರ್ಶೆ

ಕಳೆದ ಮಳೆಗಾಲದಲ್ಲಿ ಕಾಸರಗೋಡಿನ ಹೊಸ ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದ ಸಭಾಂಗಣವೊಂದರಲ್ಲಿ, ಐದು ಭಾನುವಾರಗಳ ಕಾಲ, ಅನುಭವಿ ದಾದಿಯರಿಗೆಂದೇ ರೂಪಿಸಿದ ಒಂದು ತರಬೇತಿ ನಡೆಯಿತು. ರೋಗಿಯ ದೂರನ್ನು ಕೇಳಿಸಿಕೊಳ್ಳುವುದರಿಂದ ಹಿಡಿದು, ಇರಬಹುದಾದ ಕಾಯಿಲೆಗಳನ್ನು ಊಹಿಸಿ, ಪರೀಕ್ಷೆಯ ಫಲಿತಾಂಶವನ್ನು ತೂಗಿ, ತಕ್ಕ ಮದ್ದನ್ನು ಆರಿಸಿ, ಆ ಮದ್ದು ಕೆಲಸ ಮಾಡಿತೇ ಎಂದು ಗಮನಿಸುವವರೆಗಿನ ಇಡೀ ದಾರಿಯನ್ನು ಕಲಿಸುತ್ತೇವೆ ಎಂಬುದು ಸಂಘಟಕರ ಭರವಸೆಯಾಗಿತ್ತು. ಶುಲ್ಕ 4,500 ರೂಪಾಯಿ; ಅದರಲ್ಲಿ ಮಧ್ಯಾಹ್ನದ ಊಟವೂ, ಸುಮಾರು 200 ಪುಟಗಳ ಮುದ್ರಿತ ಕೈಪಿಡಿಯೂ ಸೇರಿತ್ತು. ನನ್ನ ಕೆಲವು ಮಾತುಗಳು ಕಟುವಾಗಿರುವುದರಿಂದ ಸಂಘಟಕರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಇಂಥ ತರಗತಿಗೆ ಸೇರಬೇಕೇ ಬೇಡವೇ ಎಂದು ಯೋಚಿಸುತ್ತಿರುವ ದಾದಿಯರಿಗೆ ಒಳಗಿನ ಸ್ವರೂಪ ತಿಳಿಯಲಿ ಎಂಬುದಷ್ಟೇ ಉದ್ದೇಶ.

ನನ್ನ ಹಿನ್ನೆಲೆಯನ್ನು ಹೇಳಿದರೆ ವಿಮರ್ಶೆಯ ತೂಕವನ್ನು ಅಳೆಯಲು ಸುಲಭವಾದೀತು. ಮಂಗಳೂರಿನಲ್ಲಿ ಓದಿ, ಅಲ್ಲಿಯೇ ಆರು ವರ್ಷ ತೀವ್ರ ನಿಗಾ ಘಟಕದಲ್ಲಿ ದುಡಿದು, ಈಗ ಕುಂಬಳೆಯ ಆಚೆಗಿನ ಹಳ್ಳಿಗಳಲ್ಲಿ ಕೆಲಸ ಮಾಡುತ್ತಿದ್ದೇನೆ. ದಾದಿಯಾಗಿ ಕಳೆದ ಈ ಹದಿನೇಳು ವರ್ಷಗಳಲ್ಲಿ ನಾನು ಒಂದು ಮದ್ದಿನ ಚೀಟಿಯನ್ನೂ ಸ್ವಂತ ಸಹಿ ಹಾಕಿ ಬರೆದವಳಲ್ಲ. ಆದರೆ ರಾತ್ರಿ ಎರಡು ಗಂಟೆಗೆ ಡ್ಯೂಟಿ ಡಾಕ್ಟರನ್ನು ಎಬ್ಬಿಸಬೇಕೇ, ಬೆಳಗಿನವರೆಗೆ ಕಾಯಬಹುದೇ ಎಂಬುದನ್ನು ಎಷ್ಟು ಸಲ ನಿರ್ಧರಿಸಿದ್ದೇನೋ ಲೆಕ್ಕವಿಲ್ಲ. ದಾದಿ ರೋಗನಿರ್ಣಯ ಮಾಡುವುದಿಲ್ಲ ಎಂಬುದು ಕಾಗದದ ಮಾತು. ಯಾರನ್ನು ಮೊದಲು ಒಳಗೆ ಕಳುಹಿಸಬೇಕು, ಯಾರಿಗೆ ಆಂಬುಲೆನ್ಸ್ ಕರೆಯಬೇಕು, ಯಾವ ಗುಳಿಗೆಯನ್ನು ಈ ಹೊತ್ತಿಗೆ ತಡೆಹಿಡಿದು ವೈದ್ಯರನ್ನು ಕೇಳಬೇಕು ಎಂಬುದೆಲ್ಲ ನಿರ್ಣಯವೇ. ಅದಕ್ಕೆ ಹೆಸರಿಲ್ಲ, ದಾಖಲೆಯಿಲ್ಲ, ಹೀಗಾಗಿ ತಪ್ಪಿದಾಗ ತಿದ್ದಿಕೊಳ್ಳುವ ದಾರಿಯೂ ಇಲ್ಲ. ಹೆಸರಿಲ್ಲದ ಈ ಕೆಲಸಕ್ಕೆ ಒಂದು ಕ್ರಮ ಸಿಗಬಹುದೆಂಬ ಆಸೆಯಿಂದ ನಾನು ಹಣ ಕಟ್ಟಿದೆ.

ಮೊದಲ ಭಾನುವಾರ ನಿರಾಶೆಯಾಯಿತು. ಬೆಳಗಿನ ಹೊತ್ತು ಇತಿಹಾಸಕ್ಕೆ ಹೋಯಿತು: 1965ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ದಾದಿಯೂ ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರೂ ಸೇರಿ ಮೊದಲ ನರ್ಸ್ ಪ್ರಾಕ್ಟಿಷನರ್ (ರೋಗ ಗುರುತಿಸಿ ಮದ್ದು ನಿರ್ಧರಿಸಲೂ ತರಬೇತಿ ಪಡೆದ ದಾದಿ) ಕಾರ್ಯಕ್ರಮ ಆರಂಭಿಸಿದ್ದು, 2006ರಲ್ಲಿ ಇಂಗ್ಲೆಂಡು ಅರ್ಹ ದಾದಿಯರಿಗೆ ಹೆಚ್ಚುಕಡಿಮೆ ಎಲ್ಲ ಔಷಧಗಳನ್ನೂ ಸ್ವತಂತ್ರವಾಗಿ ಬರೆಯುವ ಅಧಿಕಾರ ಕೊಟ್ಟಿದ್ದು, ಇತ್ಯಾದಿ. ಮಧ್ಯಾಹ್ನದ ನಂತರ ಕೈಪಿಡಿಯ ಮೊದಲ ಪ್ರಕರಣವನ್ನು ತೆಗೆದರೆ ಅದು ಉಣ್ಣಿ ಕಚ್ಚಿ ಬರುವ ಲೈಮ್ ಕಾಯಿಲೆಯದು. ಕಾಡಿನಲ್ಲಿ ವಿಹಾರಕ್ಕೆ ಹೋಗಿ ಬಂದ ನಿವೃತ್ತ ಶಿಕ್ಷಕನ ಕಾಲಿನ ಮೇಲಿನ ಉಂಗುರದಂಥ ಕೆಂಪು ಗುರುತಿನ ಮೇಲೆ ಒಂದು ಗಂಟೆ ಕಳೆಯಿತು. ಪಶ್ಚಿಮ ಘಟ್ಟದ ಬುಡದಲ್ಲಿ ಕುಳಿತವರಿಗೆ ಉಣ್ಣಿ ಎಂದರೆ ನೆನಪಾಗುವುದು 1957ರಲ್ಲಿ ಶಿವಮೊಗ್ಗದ ಕ್ಯಾಸನೂರಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ. ಅದರ ಹೆಸರು ಕೈಪಿಡಿಯ ಯಾವ ಪುಟದಲ್ಲಿಯೂ ಇರಲಿಲ್ಲ. ನುಸಿಯಂಥ ಸಣ್ಣ ಹುಳು ಕಚ್ಚಿ ಬರುವ, ತೊಡೆಸಂದಿಯಲ್ಲೋ ಕಂಕುಳಲ್ಲೋ ಸುಟ್ಟ ಗಾಯದಂತಹ ಕಪ್ಪು ಹೊಪ್ಪಳೆ ಇದೆಯೇ ಎಂದು ಬಟ್ಟೆ ಸರಿಸಿ ಹುಡುಕಿದರೆ ಮಾತ್ರ ಸಿಕ್ಕುವ ಸ್ಕ್ರಬ್ ಟೈಫಸ್ ಎಂಬ ಜ್ವರಕ್ಕೂ ಜಾಗವಿರಲಿಲ್ಲ. ಕೈಪಿಡಿಯನ್ನು ಎಲ್ಲಿಂದಲೋ ತಂದು ಮೇಲುಹೊದಿಕೆ ಮಾತ್ರ ಬದಲಾಯಿಸಿದ್ದಾರೆ ಎಂಬ ಅನುಮಾನ ಆಗ ಹುಟ್ಟಿತು, ಕೊನೆಯವರೆಗೂ ಹೋಗಲಿಲ್ಲ.

ಎರಡನೆಯ ಭಾನುವಾರ ತರಗತಿ ಬೇರೆಯೇ ಆಯಿತು. ಪಾಠ ಮಾಡಿದವರು ಇಬ್ಬರು: ನಿವೃತ್ತರಾದ ಒಬ್ಬ ವೈದ್ಯರು, ಮತ್ತು ಬ್ರಿಟನ್ನಿನಲ್ಲಿ ಹಲವು ವರ್ಷ ಚೀಟಿ ಬರೆಯುವ ಅಧಿಕಾರವಿದ್ದ ದಾದಿಯಾಗಿದ್ದು ಊರಿಗೆ ಮರಳಿದ ಒಬ್ಬ ಹಿರಿಯರು. ಈ ಎರಡನೆಯವರು ಕೈಪಿಡಿಯನ್ನು ಮುಚ್ಚಿಟ್ಟು, ನಮ್ಮ ನಮ್ಮ ಕೆಲಸದ ಜಾಗದ ಒಂದೊಂದು ಪ್ರಕರಣವನ್ನು ಹೇಳಿ ಎಂದರು. ಪೆರ್ಲದ ಕಡೆಯಿಂದ ಬಂದ ಒಬ್ಬ ಸಹೋದ್ಯೋಗಿ ಅಡಿಕೆ ತೋಟದ ಕೆಲಸಗಾರನೊಬ್ಬನ ಕತೆ ಹೇಳಿದರು: ಜುಲೈ ತಿಂಗಳು, ಎರಡು ದಿನದ ಜ್ವರ, ಮೈಕೈ ನೋವು, ಮೀನಖಂಡ ಮುಟ್ಟಿದರೆ ಕಿರುಚುವಷ್ಟು ನೋವು, ಕೀವಿಲ್ಲದೆ ಕೆಂಪಾದ ಕಣ್ಣು. ಇಲಿಜ್ವರದ ಪರೀಕ್ಷೆ ಮಾಡಿಸಿದರೆ ಇಲ್ಲವೆಂದು ಬಂತು. ಮುಂದೇನು?

ಈ ಒಂದು ಪ್ರಶ್ನೆಯ ಮೇಲೆ ಎರಡು ಗಂಟೆ ಕಳೆದೆವು, ಮತ್ತು ನಾನು ಕಟ್ಟಿದ ಶುಲ್ಕದ ಅರ್ಧ ಭಾಗ ಆ ಎರಡು ಗಂಟೆಗಳಲ್ಲಿಯೇ ಸಂದಿತು. ಇಲಿಜ್ವರಕ್ಕೆ ಸಾಮಾನ್ಯವಾಗಿ ಮಾಡುವ ರಕ್ತಪರೀಕ್ಷೆ ಹುಡುಕುವುದು ರೋಗಾಣುವನ್ನಲ್ಲ, ಅದರ ವಿರುದ್ಧ ದೇಹ ಹುಟ್ಟಿಸುವ ಪ್ರತಿಕಾಯವನ್ನು. ಆ ಪ್ರತಿಕಾಯ ಕಾಣಿಸಿಕೊಳ್ಳಲು ಐದರಿಂದ ಏಳು ದಿನ ಬೇಕು. ಎರಡನೆಯ ದಿನ ಇಲ್ಲ ಎಂದು ಬಂದ ವರದಿಗೆ ಎಷ್ಟು ಬೆಲೆ ಕೊಡಬೇಕು ಎಂಬುದನ್ನು ಅವರು ಬಾಯಿಮಾತಿನಲ್ಲಿ ಹೇಳದೆ ಕರಿಹಲಗೆಯ ಮೇಲೆ ಲೆಕ್ಕ ಮಾಡಿಸಿದರು. ಇಂಥದೇ ಲಕ್ಷಣವಿರುವ ನೂರು ಜನರಲ್ಲಿ ನಲವತ್ತು ಮಂದಿಗೆ ನಿಜವಾಗಿ ಇಲಿಜ್ವರವಿದೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳಿ. ಮೊದಲ ದಿನಗಳಲ್ಲಿ ಪರೀಕ್ಷೆ ಅವರಲ್ಲಿ ಅರ್ಧದಷ್ಟು ಜನರನ್ನು ಮಾತ್ರ ಹಿಡಿಯುತ್ತದೆ, ರೋಗವಿಲ್ಲದ ಅರುವತ್ತರಲ್ಲಿ ಐವತ್ತನಾಲ್ಕು ಮಂದಿಗೆ ಸರಿಯಾಗಿ ಇಲ್ಲ ಎನ್ನುತ್ತದೆ ಎಂದಿಟ್ಟುಕೊಳ್ಳಿ. ಆಗ ಇಲ್ಲ ಎಂಬ ವರದಿ ಕೈಯಲ್ಲಿ ಹಿಡಿದವರು ಒಟ್ಟು 74 ಮಂದಿ, ಅವರಲ್ಲಿ 20 ಮಂದಿಗೆ ಕಾಯಿಲೆ ಇದ್ದೇ ಇದೆ. ಅಂದರೆ ವರದಿ ನೋಡಿ ಸಮಾಧಾನದಿಂದ ಮನೆಗೆ ಕಳುಹಿಸಿದ ನಾಲ್ವರಲ್ಲಿ ಒಬ್ಬರನ್ನು ನಾವು ಕಾಯಿಲೆಯ ಜೊತೆಗೇ ಕಳುಹಿಸಿದಂತಾಯಿತು. ಅಂಕಿಗಳು ಕಲ್ಪಿತವಾದರೂ ತರ್ಕ ಕಲ್ಪಿತವಲ್ಲ: ಪರೀಕ್ಷೆಗೆ ಮೊದಲು ನಮ್ಮ ಅನುಮಾನ ಎಷ್ಟು ಬಲವಾಗಿತ್ತು ಎಂಬುದನ್ನು ಮರೆತು ವರದಿಯೊಂದನ್ನೇ ಓದುವುದು ಅರ್ಧ ಓದು. ಅದೇ ಜ್ವರ ಡೆಂಗಿಯದಾಗಿದ್ದರೆ ವೈರಸ್ಸಿನದೇ ಪ್ರೋಟೀನನ್ನು ಹುಡುಕುವ ಎನ್‌ಎಸ್1 ಪರೀಕ್ಷೆ ಮೊದಲ ದಿನಗಳಲ್ಲಿಯೇ ಹೆಚ್ಚು ಉಪಯುಕ್ತ, ತಡವಾದಂತೆ ಅದರ ಬಲ ಕುಂದುತ್ತದೆ. ಎರಡು ಜ್ವರಗಳು, ಎರಡು ಪರೀಕ್ಷೆಗಳು, ಒಂದಕ್ಕೊಂದು ತಿರುಗಾಮುರುಗಾ ನಡೆಯುವ ಕಾಲಪಟ್ಟಿ. ಹದಿನೇಳು ವರ್ಷ ರಕ್ತ ತೆಗೆದು ಕಳುಹಿಸಿದವಳಿಗೆ ಇದನ್ನು ಯಾರೂ ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ.

ಮದ್ದಿನ ಆಯ್ಕೆಯ ಪಾಠವನ್ನೂ ಅದೇ ಕೆಲಸಗಾರನ ಮೇಲೆಯೇ ಮುಂದುವರಿಸಿದ್ದು ಜಾಣತನ. ಇಲಿಜ್ವರಕ್ಕೆ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯೋಟಿಕ್ 100 ಮಿಲಿಗ್ರಾಂ ದಿನಕ್ಕೆರಡು ಸಲ, ಏಳು ದಿನ ಎಂಬುದು ಎಲ್ಲರಿಗೂ ಬಾಯಿಪಾಠ. ಕೇರಳದಲ್ಲಿ ಮಳೆಗಾಲದಲ್ಲಿ ಕೆಸರಿಗಿಳಿಯುವವರಿಗೆ ಮುಂಜಾಗ್ರತೆಯಾಗಿ ವಾರಕ್ಕೊಮ್ಮೆ 200 ಮಿಲಿಗ್ರಾಂ ಕೊಡುವ ಕ್ರಮವೂ ಪರಿಚಿತ. ಆದರೆ ಆ ಕೆಲಸಗಾರನ ಜಾಗದಲ್ಲಿ ಅವನ ಬಸುರಿ ಹೆಂಡತಿ ಇದ್ದಿದ್ದರೆ? ಆರು ವರ್ಷದ ಮಗನಿದ್ದಿದ್ದರೆ? ಗುಳಿಗೆಯನ್ನು ಒಂದು ಗುಟುಕು ನೀರಿನಲ್ಲಿ ನುಂಗಿ ತಕ್ಷಣ ಚಾಪೆಯ ಮೇಲೆ ಮಲಗಿದರೆ ಅನ್ನನಾಳದಲ್ಲಿ ಹುಣ್ಣಾಗುತ್ತದೆ ಎಂದು ಯಾರು ಹೇಳುತ್ತಾರೆ? ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ ಎಂದು ತೋಟದ ಆಳಿಗೆ ಹೇಳುವವರು ಯಾರು? ಮದ್ದಿನ ಹೆಸರು ವೈದ್ಯರದಾಗಿರಬಹುದು, ಅದು ಈ ಮನುಷ್ಯನ ಹೊಟ್ಟೆಗೆ, ಈ ಮನೆಯ ಪರಿಸ್ಥಿತಿಗೆ ಹೊಂದುತ್ತದೆಯೇ ಎಂಬ ಆಯ್ಕೆಯ ಉಳಿದರ್ಧ ದಾದಿಯ ಕೈಯಲ್ಲಿದೆ ಎಂಬುದನ್ನು ಅವರು ಭಾಷಣ ಮಾಡದೆ ತೋರಿಸಿಕೊಟ್ಟರು.

ಮೂರನೆಯ ವಾರದ ವಿಷಯ ಹದಗೆಡುತ್ತಿರುವ ರೋಗಿಯನ್ನು ಬೇಗ ಗುರುತಿಸುವುದು. ಬ್ರಿಟನ್ನಿನ ವೈದ್ಯರ ರಾಯಲ್ ಕಾಲೇಜು 2012ರಲ್ಲಿ ತಂದು 2017ರಲ್ಲಿ ಪರಿಷ್ಕರಿಸಿದ ಎಚ್ಚರಿಕೆಯ ಅಂಕಪಟ್ಟಿಯನ್ನು ಇಲ್ಲಿ ಬಳಸಿದರು. ಉಸಿರಾಟ ನಿಮಿಷಕ್ಕೆ 24, ರಕ್ತದ ಆಮ್ಲಜನಕ ಶೇಕಡಾ 95, ನಾಡಿ 112, ಮೇಲಿನ ರಕ್ತದೊತ್ತಡ 104, ಜ್ವರ 38.4 ಡಿಗ್ರಿ ಸೆಲ್ಸಿಯಸ್, ರೋಗಿ ಎಚ್ಚರವಾಗಿದ್ದಾನೆ, ಮಾತನಾಡುತ್ತಿದ್ದಾನೆ. ಈ ಅಂಕಿಗಳಲ್ಲಿ ಒಂದೂ ಬಿಡಿಯಾಗಿ ನಮ್ಮನ್ನು ಓಡಿಸುವಂಥದಲ್ಲ. ರಾತ್ರಿಪಾಳಿಯಲ್ಲಿ ಇದನ್ನು ಬರೆದಿಟ್ಟು ಮುಂದಿನ ಮಂಚಕ್ಕೆ ಹೋಗುವವರೇ ಹೆಚ್ಚು. ಅಂಕಪಟ್ಟಿಯ ಪ್ರಕಾರ ಕ್ರಮವಾಗಿ ಎರಡು, ಒಂದು, ಎರಡು, ಒಂದು, ಒಂದು. ಕೂಡಿದರೆ ಏಳು, ಮತ್ತು ಏಳು ಎಂದರೆ ತುರ್ತು. ತರಗತಿ ಒಂದು ಕ್ಷಣ ಮೌನವಾಯಿತು, ಪ್ರತಿಯೊಬ್ಬರಿಗೂ ಯಾವುದೋ ಒಂದು ಹಳೆಯ ಮಂಚ ನೆನಪಾಗಿರಬೇಕು. ಇದರ ಜೊತೆಗೆ ಹೇಳಿಕೊಟ್ಟ ಇನ್ನೊಂದು ಸಂಗತಿ, ಫೋನಿನಲ್ಲಿ ವೈದ್ಯರಿಗೆ ವರದಿ ಒಪ್ಪಿಸುವ ಕ್ರಮ: ಈಗೇನಾಗಿದೆ, ಹಿನ್ನೆಲೆಯೇನು, ನನ್ನ ಅಂದಾಜೇನು, ನನಗೇನು ಬೇಕು. ಮೂರನೆಯದನ್ನು ನಾವು ಎಂದೂ ಹೇಳುವುದಿಲ್ಲ. ‘ಸರ್, ರೋಗಿ ಸ್ವಲ್ಪ ಸುಸ್ತಾಗಿದ್ದಾರೆ’ ಎಂದಷ್ಟೇ ಹೇಳಿ, ಉಳಿದದ್ದನ್ನು ಅವರೇ ಅರ್ಥಮಾಡಿಕೊಳ್ಳಲಿ ಎಂದು ಕಾಯುತ್ತೇವೆ. ‘ಸರ್, ಸೋಂಕು ರಕ್ತಕ್ಕೆ ಏರುತ್ತಿದೆ ಎಂದು ನನಗೆ ಅನುಮಾನ, ಅಂಕ ಏಳು, ದಯವಿಟ್ಟು ಈಗಲೇ ಬಂದು ನೋಡಿ’ ಎನ್ನಲು ಎರಡು ಸಲ ಅಭ್ಯಾಸ ಮಾಡಿಸಿದರು. ನನ್ನ ಧ್ವನಿ ಮೊದಲ ಸಲ ನಡುಗಿದ್ದು ನನಗೇ ಆಶ್ಚರ್ಯವಾಯಿತು.

ಆದರೆ ತರಬೇತಿ ಕೈಬಿಟ್ಟ ವಿಷಯವೊಂದಿದೆ, ಕಾಸರಗೋಡಿನಲ್ಲಿ ಅದನ್ನು ಬಿಡಬಾರದಾಗಿತ್ತು. ಸಪ್ತಭಾಷಾ ಸಂಗಮ ಭೂಮಿ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಈ ನೆಲದಲ್ಲಿ ರೋಗಿಯ ದೂರು ಯಾವ ಭಾಷೆಯಲ್ಲಿ ಬರುತ್ತದೆ ಎಂಬುದೇ ನಿರ್ಣಯದ ಮೊದಲ ಮೆಟ್ಟಿಲು. ಹವ್ಯಕರ ಮನೆಯ ಅಜ್ಜಿ ‘ಎನಗೆ ಎಡಿತ್ತಿಲ್ಲೆ’ (ನನ್ನಿಂದ ಆಗುತ್ತಿಲ್ಲ) ಎನ್ನುತ್ತಾರೆ, ಮಲಯಾಳಿ ಅಮ್ಮ ‘ವಯ್ಯ’ ಎನ್ನುತ್ತಾರೆ, ತುಳುವಿನವರು ‘ಬಚ್ಚೆಲ್’ ಎನ್ನುತ್ತಾರೆ. ಮೂರನ್ನೂ ಕೇಸ್ ಶೀಟಿನಲ್ಲಿ ‘ಸುಸ್ತು’ ಎಂದು ಬರೆದುಬಿಡುವುದು ರೂಢಿ. ಆದರೆ ‘ಎಡಿತ್ತಿಲ್ಲೆ’ ಎಂಬುದರೊಳಗೆ ಏದುಸಿರು ಇರಬಹುದು, ಮಂಡಿನೋವು ಇರಬಹುದು, ರಾತ್ರಿ ನಿದ್ದೆಯಿಲ್ಲದ್ದೂ ಇರಬಹುದು. ಬಹಳ ವರ್ಷದಿಂದ ಸಕ್ಕರೆ ಕಾಯಿಲೆಯಿರುವ ಹೆಂಗಸಿನಲ್ಲಿ ಎದೆನೋವೇ ಇಲ್ಲದೆ ಬರುವ ಹೃದಯಾಘಾತವೂ ಇರಬಹುದು. ‘ಯಾವುದಕ್ಕೆ ಎಡಿತ್ತಿಲ್ಲೆ, ಅಂಗಳ ದಾಟಲೋ, ಎದ್ದು ನಿಲ್ಲಲೋ, ಉಸಿರೆಳೆಯಲೋ?’ ಎಂಬ ಒಂದು ಮರುಪ್ರಶ್ನೆ ಇಸಿಜಿಗೂ ಮೊದಲಿನ ಪರೀಕ್ಷೆ. ಪ್ರಶ್ನೋತ್ತರದ ಹೊತ್ತಿನಲ್ಲಿ ನಾನು ಇದನ್ನು ಎತ್ತಿದಾಗ ಪಾಠ ಮಾಡುವವರು ಬರೆದುಕೊಂಡರು, ಒಪ್ಪಿದರು, ಮುಂದೆ ಹೋದರು. ಪಾಠವೆಲ್ಲ ಇಂಗ್ಲಿಷ್ ಮತ್ತು ಮಲಯಾಳದಲ್ಲಿ ನಡೆಯಿತು. ಕನ್ನಡ ಮಾಧ್ಯಮದಲ್ಲಿ ಓದಿದ ನಾವು ಐದಾರು ಮಂದಿ ಹಿಂದಿನ ಸಾಲಿನಲ್ಲಿ ಒಬ್ಬರಿಗೊಬ್ಬರು ಪಿಸುಗುಟ್ಟಿ ಅರ್ಥಮಾಡಿಕೊಂಡೆವು.

ಇನ್ನೊಂದು ಕೊರತೆಯೂ ಇದೇ ನೆಲದ್ದು. ಎಣ್ಮಕಜೆಯ ಸುತ್ತಿನ ಗೇರುತೋಟಗಳ ಮೇಲೆ ವರ್ಷಗಟ್ಟಲೆ ಎಂಡೋಸಲ್ಫಾನ್ ಕೀಟನಾಶಕವನ್ನು ಸಿಂಪಡಿಸಿದ ಕತೆಯನ್ನೂ, 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿದ್ದನ್ನೂ ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಎಂಡೋಸಲ್ಫಾನ್ ಸಂತ್ರಸ್ತ ಎಂಬ ಹಣೆಪಟ್ಟಿ ಹೊತ್ತು ಹಾಸಿಗೆ ಹಿಡಿದ ಮಗುವೊಂದು ಎರಡು ದಿನ ಎಡೆಬಿಡದೆ ಅತ್ತರೆ, ಅದು ಹಾಗೆಯೇ ಎಂದು ಮನೆಯವರೂ ಹೇಳುತ್ತಾರೆ, ನಾವೂ ನಂಬಿಬಿಡುತ್ತೇವೆ. ಆ ಮಗುವಿಗೆ ಕಿವಿನೋವು ಬರಬಹುದು, ಮೂತ್ರದ ಸೋಂಕಾಗಬಹುದು, ನಾಲ್ಕು ದಿನದಿಂದ ಮಲಬದ್ಧತೆ ಇರಬಹುದು. ಹಳೆಯ ಹಣೆಪಟ್ಟಿ ಹೊಸ ಕಾಯಿಲೆಯನ್ನು ಮುಚ್ಚಿಹಾಕುವ ಈ ತಪ್ಪಿಗೆ ಕೈಪಿಡಿಯಲ್ಲಿ ಅರ್ಧ ಪುಟದ ವಿವರಣೆಯಿತ್ತು, ಉದಾಹರಣೆ ಮಾತ್ರ ಲಂಡನ್ನಿನ ಮನೋರೋಗಿಯದು.

ನಾಲ್ಕನೆಯ ಭಾನುವಾರ ಇಡೀ ತರಬೇತಿಯ ಕಿರೀಟ. ನಿವೃತ್ತ ವೈದ್ಯರು ಎಪ್ಪತ್ತೆರಡು ವರ್ಷದ ಹೆಂಗಸಿನ ಗುಳಿಗೆ ಡಬ್ಬಿಯೊಂದನ್ನು ಮೇಜಿನ ಮೇಲೆ ಸುರಿದರು, ಹನ್ನೊಂದು ಬಗೆ. ಒಂದೊಂದಾಗಿ ಯಾವುದು ಏಕೆ ಬಂತು ಎಂದು ಹುಡುಕುವುದು ನಮ್ಮ ಕೆಲಸ. ರಕ್ತದೊತ್ತಡಕ್ಕೆ ಅಮ್ಲೋಡಿಪಿನ್ ಕೊಟ್ಟಿದ್ದರಿಂದ ಪಾದ ಊದಿತು. ಊತಕ್ಕೆ ಮೂತ್ರ ಹೆಚ್ಚಿಸುವ ಫ್ರುಸೆಮೈಡ್ ಬಂತು. ಅದರಿಂದ ಪೊಟ್ಯಾಸಿಯಂ ಇಳಿಯಿತೆಂದು ಸಿರಪ್ ಬಂತು. ರಾತ್ರಿ ಮೂರು ಸಲ ಎದ್ದು ಅಂಗಳದ ಆಚೆಯ ಶೌಚಾಲಯಕ್ಕೆ ಹೋಗುವಾಗ ಬಿದ್ದು ಸೊಂಟ ನೋಯಿತೆಂದು ನೋವಿನ ಗುಳಿಗೆ ಡೈಕ್ಲೊಫೆನಾಕ್ ಬಂತು. ಅದರ ಹೊಟ್ಟೆಯುರಿಗೆ ಇನ್ನೊಂದು. ರಕ್ತದೊತ್ತಡದ ಇನ್ನೊಂದು ಗುಳಿಗೆ ಎನಲಾಪ್ರಿಲ್‌ನಿಂದ ಬಂದ ಒಣಕೆಮ್ಮಿಗೆ ಕೆಮ್ಮಿನ ಔಷಧ ಬೇರೆ. ಎನಲಾಪ್ರಿಲ್, ಫ್ರುಸೆಮೈಡ್, ಡೈಕ್ಲೊಫೆನಾಕ್ ಮೂರೂ ಒಟ್ಟಿಗೆ ಸೇರಿದರೆ ಮೂತ್ರಪಿಂಡಕ್ಕೆ ಮೂರು ಕಡೆಯಿಂದ ಏಟು. ಅಡಿಕೆ ಸುಲಿದು ಭುಜ ನೋಯುವ ನಮ್ಮೂರಿನಲ್ಲಿ ಮೂರನೆಯದು ಅಂಗಡಿಯಲ್ಲಿ ಕೇಳಿದ ಕೂಡಲೇ ಸಿಗುತ್ತದೆ, ಯಾವ ಚೀಟಿಯಲ್ಲಿಯೂ ಅದರ ಹೆಸರಿರುವುದಿಲ್ಲ. ಹನ್ನೊಂದರಲ್ಲಿ ಐದು ಗುಳಿಗೆಗಳು ಬೇರೆ ಗುಳಿಗೆಗಳ ಮಕ್ಕಳು ಎಂದು ಸಂಜೆಯ ಹೊತ್ತಿಗೆ ತಿಳಿಯಿತು. ಮದ್ದು ಆರಿಸುವುದೆಂದರೆ ಸೇರಿಸುವುದು ಎಂದುಕೊಂಡಿದ್ದ ನಮಗೆ, ಯಾವುದನ್ನು ತೆಗೆಯಬಹುದು ಎಂದು ವೈದ್ಯರನ್ನು ಕೇಳುವುದೂ ಆಯ್ಕೆಯೇ ಎಂದು ಹೊಳೆದದ್ದು ಅಂದು.

ಆ ದಿನ ರಂಜಾನಿನ ನೋಂಬಿನ ವಿಷಯವನ್ನೂ ಚೆನ್ನಾಗಿ ಹೇಳಿದರು. ಸಕ್ಕರೆ ಕಾಯಿಲೆಗೆ ಬೆಳಿಗ್ಗೆ ಗ್ಲಿಮೆಪಿರೈಡ್ ನುಂಗುವವರು ನೋಂಬು ಹಿಡಿದರೆ ಮಧ್ಯಾಹ್ನದ ಹೊತ್ತಿಗೆ ಸಕ್ಕರೆ ಕುಸಿದು ಬೀಳುವ ಅಪಾಯವಿದೆ. ಗುಳಿಗೆಯ ಹೊತ್ತನ್ನೂ ಪ್ರಮಾಣವನ್ನೂ ಸಂಜೆಯ ಊಟಕ್ಕೆ ತಕ್ಕಂತೆ ವೈದ್ಯರಿಂದ ಮೊದಲೇ ಬದಲಿಸಿಕೊಳ್ಳಬೇಕು. ಏಕಾದಶಿಯ ಉಪವಾಸಕ್ಕೂ ಇದೇ ಮಾತು ಅನ್ವಯಿಸುತ್ತದೆ. ನಾನು ಸೇರಿಸಬಯಸುವುದು ಲೇಬಲಿನ ಭಾಷೆಯನ್ನು. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ ನುಂಗಬೇಕಾದ ಗುಳಿಗೆ, ದಿನವೂ ನುಂಗಿದರೆ ಪ್ರಾಣಕ್ಕೇ ಕುತ್ತು. ಲಕೋಟೆಯ ಮೇಲೆ ಮಲಯಾಳ ಲಿಪಿಯಲ್ಲಿ ‘ಆಳ್ಚಯಿಲ್ ಒರಿಕ್ಕಲ್’ (ವಾರಕ್ಕೊಮ್ಮೆ) ಎಂದು ಬರೆದದ್ದನ್ನು ಕನ್ನಡ ಮಾತ್ರ ಓದಬಲ್ಲ ಅಜ್ಜನ ಕೈಗೆ ಕೊಟ್ಟರೆ, ಸರಿಯಾದ ರೋಗನಿರ್ಣಯ, ಸರಿಯಾದ ಮದ್ದು, ಸರಿಯಾದ ಪ್ರಮಾಣ ಎಲ್ಲವೂ ಆ ಲಕೋಟೆಯಲ್ಲಿಯೇ ಸೋಲುತ್ತವೆ. ನಾನು ಈಗ ಅಂಥ ಲಕೋಟೆಯ ಮೇಲೆ ‘ಸೋಮವಾರ ಮಾತ್ರ’ ಎಂದು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು, ಅವರಿಂದಲೇ ಓದಿಸುತ್ತೇನೆ.

ಕೊನೆಯ ಭಾನುವಾರ ಕಾನೂನು. ಇದು ಅತ್ಯಂತ ದುರ್ಬಲವಾದ ಪಾಠ, ಆದರೆ ಅತ್ಯಂತ ಬಲವಾಗಿರಬೇಕಾಗಿದ್ದ ಪಾಠ. ನಾಲ್ಕು ವಾರ ‘ನೀವು ಯಾವ ಮದ್ದನ್ನು ಆರಿಸುತ್ತೀರಿ’ ಎಂದು ಕೇಳುತ್ತ ಬಂದವರು, ಭಾರತದಲ್ಲಿ ದಾದಿಗೆ ಆರಿಸುವ ಅಧಿಕಾರ ಎಷ್ಟು ಎಂಬುದನ್ನು ಇಪ್ಪತ್ತು ನಿಮಿಷದಲ್ಲಿ ಮುಗಿಸಿದರು. ತೀವ್ರ ನಿಗಾ ಕ್ಷೇತ್ರದಲ್ಲಿ ಎರಡು ವರ್ಷದ ನರ್ಸ್ ಪ್ರಾಕ್ಟಿಷನರ್ ಸ್ನಾತಕೋತ್ತರ ಶಿಕ್ಷಣ 2016ರ ಸುಮಾರಿಗೆ ಆರಂಭವಾದರೂ, ಅಲ್ಲಿಯೂ ಮದ್ದು ಕೊಡುವುದು ಆಸ್ಪತ್ರೆಯ ಲಿಖಿತ ನಿಯಮಾವಳಿಯೊಳಗೆ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 32ನೆಯ ಕಲಮು ಸಮುದಾಯ ಆರೋಗ್ಯ ಕಾರ್ಯಕರ್ತರಿಗೆ ಪ್ರಾಥಮಿಕ ಆರೈಕೆಯಲ್ಲಿ ಸೀಮಿತ ಅವಕಾಶವನ್ನು ಮಾತ್ರ ಕೊಡುತ್ತದೆ, ಉಳಿದದ್ದು ವೈದ್ಯರ ಮೇಲ್ವಿಚಾರಣೆಯಲ್ಲಿ. 1947ರ ಶುಶ್ರೂಷಾ ಪರಿಷತ್ತಿನ ಕಾಯ್ದೆಯ ಜಾಗಕ್ಕೆ 2023ರಲ್ಲಿ ಹೊಸ ಆಯೋಗದ ಕಾಯ್ದೆ ಬಂದಿದೆ. ಉಪಕೇಂದ್ರದಲ್ಲಿ ಕುಳಿತ ದಾದಿ ಸರ್ಕಾರದ ಆನ್‌ಲೈನ್ ವೈದ್ಯಸೇವೆಯಾದ ಇ-ಸಂಜೀವನಿಯ ಮೂಲಕ ವೈದ್ಯರನ್ನು ಸಂಪರ್ಕಿಸಿ, ಅವರು ಬರೆದದ್ದನ್ನು ಕೊಡುವುದು ಈಗ ದಿನನಿತ್ಯದ ಕೆಲಸ. ಆ ಇಬ್ಬರ ನಡುವೆ ಹೊಣೆ ಹೇಗೆ ಹಂಚಿಹೋಗುತ್ತದೆ, ಏನನ್ನು ದಾಖಲಿಸಿಡಬೇಕು ಎಂಬುದನ್ನು ಅರ್ಧ ದಿನ ಕಲಿಸಬೇಕಾಗಿತ್ತು. 2020ರ ಮಾರ್ಚ್ ಕೊನೆಯಲ್ಲಿ ಕೋವಿಡ್‌ನಿಂದಾಗಿ ಕೇರಳ-ಕರ್ನಾಟಕದ ನಡುವಿನ ತಲಪಾಡಿಯ ಗಡಿ ಮುಚ್ಚಿ ಮಂಗಳೂರಿನ ದಾರಿ ಕಡಿದುಹೋದಾಗ, ಯಾರು ಕಾಯಬಲ್ಲರು, ಯಾರು ಕಾಯಲಾರರು ಎಂದು ಇಲ್ಲಿನ ದಾದಿಯರು ಹೇಳಬೇಕಾಗಿ ಬಂದದ್ದನ್ನು ಕಂಡವರಿಗೆ ಈ ಪಾಠದ ಅಗತ್ಯ ಏನೆಂದು ಗೊತ್ತಿದೆ.

ಹಾಗಾದರೆ ಸೇರಬಹುದೇ? ಐದು ವರ್ಷವಾದರೂ ವಾರ್ಡಿನಲ್ಲಿಯೋ ಹಳ್ಳಿಯಲ್ಲಿಯೋ ಕೆಲಸ ಮಾಡಿದವರು ಸೇರಬಹುದು. ಎರಡನೆಯ ಮತ್ತು ನಾಲ್ಕನೆಯ ವಾರಗಳಿಗಾಗಿಯೇ ಸೇರಬಹುದು. ಓದು ಮುಗಿಸಿ ಈಗಷ್ಟೇ ಹೊರಬಂದವರಿಗೆ ಇದು ಭಾರವಾದೀತು, ಏಕೆಂದರೆ ಚರ್ಚೆ ಏಳುವುದು ಸ್ವಂತ ರೋಗಿಗಳ ನೆನಪಿನಿಂದ, ಕೈಪಿಡಿಯಿಂದಲ್ಲ. ಪ್ರಮಾಣಪತ್ರಕ್ಕಾಗಿ ಬರುವವರು ಬರಬೇಕಾಗಿಲ್ಲ. ಅದರಿಂದ ಬಡ್ತಿಯೂ ಇಲ್ಲ, ಅಧಿಕಾರವೂ ಇಲ್ಲ. ಊಟ ಚೆನ್ನಾಗಿತ್ತು, ಫ್ಯಾನು ಮೂರರಲ್ಲಿ ಒಂದು ಮಾತ್ರ ತಿರುಗುತ್ತಿತ್ತು. ಮುಂದಿನ ತಂಡ ಡಿಸೆಂಬರಿನಲ್ಲಿ ಎಂದು ಹೇಳಿದ್ದಾರೆ. ಹೋಗುವವರು ತಮ್ಮ ರೋಗಿಗಳಲ್ಲಿ ಇಬ್ಬರ ಪ್ರಕರಣಗಳನ್ನು, ಹೆಸರು ಬಿಟ್ಟು, ನಾಡಿ, ಉಸಿರಾಟ, ಗುಳಿಗೆಗಳ ಪಟ್ಟಿಯ ಸಮೇತ ಬರೆದುಕೊಂಡು ಹೋಗಲಿ, ಮತ್ತು ರೋಗಿ ಆಡಿದ ಮೊದಲ ಮಾತನ್ನು ಅವರದೇ ಭಾಷೆಯಲ್ಲಿ, ಅನುವಾದಿಸದೆ, ಮೇಲಿನ ಸಾಲಿನಲ್ಲಿ ಬರೆಯಲಿ.